ಮಿಷನ್ ಕಾಲೇಜಿಗೆ ಸೇರಿಸೋಣವಾ? ನಂಬಿಕೆಯ ವಿಚಾರದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಫಲಿತಾಂಶ ಬಂತು ಅಂದರೆ ನನ್ನ ಫೋನಿಗೆ ಬಿಡುವಿಲ್ಲ. ಕ್ರೈಸ್ತ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡಿ, ನಿವೃತ್ತನಾಗಿ ಹಾಸನಕ್ಕೆ ಬಂದವನು ಅಂತ ಎಲ್ಲರಿಗೂ ಗೊತ್ತಿದೆ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ಅಪ್ಪ ಅಮ್ಮಂದಿರು ಮಾತಾಡುತ್ತಾರೆ. ಪ್ಲೇಸ್‌ಮೆಂಟ್ ಹೇಗೆ, ಹಾಸ್ಟೆಲ್ ಹೇಗೆ ಅಂತ ಶುರುವಾಗುತ್ತದೆ. ಆಮೇಲೆ ದನಿ ತಗ್ಗಿಸಿ, "ಅಲ್ಲಿ ಧರ್ಮದ ವಿಚಾರ ಹೇಗೆ ಸಾರ್?" ಎನ್ನುತ್ತಾರೆ. ಈ ಎರಡನೇ ಪ್ರಶ್ನೆಗೆ ಸಂಬಂಧಪಟ್ಟದ್ದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಕ್ಯಾಥೋಲಿಕ್ ಮನೆಯವನು. ಅದನ್ನು ಮನಸ್ಸಲ್ಲಿಟ್ಟುಕೊಂಡೇ ಓದಿ.

ಕ್ರೈಸ್ತ ಕಾಲೇಜು ಅಂತ ಯಾವುದಕ್ಕೆ ಹೇಳುತ್ತಾರೆ?

ಹೆಸರಿನ ಮುಂದೆ 'ಸೇಂಟ್' ಇದ್ದ ಮಾತ್ರಕ್ಕೆ ಕ್ರೈಸ್ತ ಸಂಸ್ಥೆ ಆಗುವುದಿಲ್ಲ. ಇಂಗ್ಲಿಷ್ ಶಾಲೆ ಅಂದರೆ ಹೀಗೇ ಹೆಸರಿರಬೇಕು ಅಂತ ಇಟ್ಟುಕೊಂಡವರೂ ಇದ್ದಾರೆ. ಚರ್ಚಿಗೂ ಅದಕ್ಕೂ ಏನೇನೂ ಸಂಬಂಧ ಇರುವುದಿಲ್ಲ. ಸಂಸ್ಥೆ ಯಾರ ಕೈಯಲ್ಲಿದೆ ಅನ್ನುವುದನ್ನು ನೋಡಬೇಕು.

ಕ್ಯಾಥೋಲಿಕರಲ್ಲಿ ಕೆಲವು ಕಾಲೇಜುಗಳು ನೇರವಾಗಿ ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಕೈಕೆಳಗೆ ಇರುತ್ತವೆ. ಇನ್ನು ಕೆಲವು ಸನ್ಯಾಸಿ ಸಭೆಗಳದು. ಮಂಗಳೂರಿನ ಸೇಂಟ್ ಅಲೋಶಿಯಸ್ (1880) ಯೇಸುಸಭೆಯ, ಅಂದರೆ ಜೆಸುಯಿಟರ, ಸಂಸ್ಥೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ (1882) ಕೂಡ ಈಗ ಅವರದೇ. ಮಂಗಳೂರಿನ ಸೇಂಟ್ ಆಗ್ನೆಸ್ (1921) ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸಿಸ್ಟರ್‌ಗಳದು. ಬೆಂಗಳೂರಿನ ಕ್ರೈಸ್ಟ್ (1969) ಸಿಎಂಐ ಅನ್ನುವ ಕ್ಯಾಥೋಲಿಕ್ ಸನ್ಯಾಸಿ ಸಭೆಯದು. ಪ್ರಾಟೆಸ್ಟೆಂಟರ ಕಡೆ ಹಳೇ ಮಿಷನ್ ಸಂಸ್ಥೆಗಳು ಬಹಳಷ್ಟು ಈಗ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಕೈಯಲ್ಲಿವೆ. ಒಂದೊಂದರ ಗುಣ ಒಂದೊಂದು ಥರ. "ಕ್ರೈಸ್ತ ಕಾಲೇಜು ಹೀಗೇ" ಅಂತ ಒಂದೇ ಮಾತಲ್ಲಿ ಹೇಳುವವರನ್ನು ನಂಬಬೇಡಿ, ಹೊಗಳಿದರೂ ಅಷ್ಟೇ, ಬೈದರೂ ಅಷ್ಟೇ.

ನಮ್ಮ ಕಡೆ ಚರ್ಚುಗಳು ಅಷ್ಟು ಹಳೆಯವು. ಕಾಲೇಜುಗಳು ಯಾಕೆ ಕಡಿಮೆ?

ನಮ್ಮಲ್ಲಿ ಚರ್ಚು, ಶಾಲೆ, ಆಸ್ಪತ್ರೆ ಮೊದಲು ಬಂದವು. ಹಾಸನದ ಹತ್ತಿರದ ಸಾತಳ್ಳಿಯ ಕ್ರೈಸ್ತ ಬೇಸಾಯಗಾರರ ನೆಲೆಯ ಜೊತೆ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಹೆಸರು ಸೇರಿಕೊಂಡಿದೆ. ಅವರು 1823ರಲ್ಲಿ ಭಾರತ ಬಿಟ್ಟು ಹೋದವರು. ಶೆಟ್ಟಿಹಳ್ಳಿ ಚರ್ಚನ್ನು 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದರು. ಹೇಮಾವತಿ ಹಿನ್ನೀರು ಬಂದ ಮೇಲೆ ಅದು ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುತ್ತದೆ. ಈಗ ಅಲ್ಲಿ ಪ್ರೀ-ವೆಡ್ಡಿಂಗ್ ಫೋಟೋದವರದೇ ಜಾತ್ರೆ. ಊರಿನ ಜನ ಎಲ್ಲಿಗೆ ಹೋದರು ಅಂತ ಕೇಳುವವರು ಕಡಿಮೆ. ಹಾಸನದ ರೆಡ್‌ಫರ್ನ್ ಆಸ್ಪತ್ರೆ 20ನೇ ಶತಮಾನದ ಆರಂಭದಲ್ಲಿ ಪ್ರಾಟೆಸ್ಟೆಂಟರ ವೆಸ್ಲಿಯನ್ ಮಿಷನ್ ಕೈಯಿಂದ ಬಂದದ್ದು. ಚಿಕ್ಕಮಗಳೂರು ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಕೈಕೆಳಗಿನ ಪ್ರದೇಶ, ಆದದ್ದು 1963ರಲ್ಲಿ. ಹಾಸನವೂ ಅದಕ್ಕೇ ಸೇರಿದೆ.

ಪದವಿ ಬೇಕು ಅಂದವರು ಮಂಗಳೂರಿಗೋ ಮೈಸೂರಿಗೋ ಬೆಂಗಳೂರಿಗೋ ಹೋಗುತ್ತಿದ್ದರು. ಕಾಫಿ ತೋಟದ ಮನೆಗಳಲ್ಲಿ "ಅಲೋಶಿಯಸ್‌ನಲ್ಲಿ ಓದಿದ್ದು" ಅನ್ನುವ ತಾತಂದಿರು ಇವತ್ತಿಗೂ ಸಿಗುತ್ತಾರೆ. ಅವರಲ್ಲಿ ಕ್ರೈಸ್ತರಲ್ಲದವರೇ ಜಾಸ್ತಿ. ಈಗ ಹಾಸನದಲ್ಲೇ ಜೆಸುಯಿಟರ ಸೇಂಟ್ ಜೋಸೆಫ್ಸ್ ಕಾಲೇಜು ಇದೆ. ಆದರೂ ಘಾಟಿ ಇಳಿಯುವ ಅಭ್ಯಾಸ ಬಿಟ್ಟಿಲ್ಲ.

ನಮ್ಮ ಹುಡುಗಿ ಪ್ರಾರ್ಥನೆಗೆ, ಪೂಜೆಗೆ ಹೋಗಲೇಬೇಕಾ?

ಇಲ್ಲ. ಇದು ಕಾಲೇಜಿನವರ ದೊಡ್ಡ ಮನಸ್ಸಿನ ಮಾತಲ್ಲ, ಸಂವಿಧಾನದ ಮಾತು. 28ನೇ ವಿಧಿಯ ಮೂರನೇ ಭಾಗ ಓದಿ. ಸರ್ಕಾರದ ಮಾನ್ಯತೆ ಇರುವ ಅಥವಾ ಅನುದಾನ ಪಡೆಯುವ ಯಾವ ಸಂಸ್ಥೆಯೂ ಒಪ್ಪಿಗೆ ಇಲ್ಲದೆ ಯಾರನ್ನೂ ಧರ್ಮಬೋಧನೆಗೆ ಅಥವಾ ಪೂಜೆಗೆ ಕೂರಿಸುವಂತಿಲ್ಲ. 18 ತುಂಬಿದ್ದರೆ ಒಪ್ಪಿಗೆ ವಿದ್ಯಾರ್ಥಿಯದು. ತುಂಬದಿದ್ದರೆ ಪೋಷಕರದು. ಪಿಯುಸಿ ಮಕ್ಕಳ ವಿಷಯದಲ್ಲಿ ಹೆಚ್ಚಾಗಿ ನೀವೇ ಹೇಳಬೇಕಾಗುತ್ತದೆ.

ರೂಢಿಯಲ್ಲಿ ಹೇಗೆ ನಡೆಯುತ್ತದೆ ಅಂದರೆ, ಕ್ಯಾಥೋಲಿಕ್ ಮಕ್ಕಳಿಗೆ ಧರ್ಮೋಪದೇಶದ ತರಗತಿ ಇರುತ್ತದೆ. ಅದೇ ಹೊತ್ತಿಗೆ ಉಳಿದವರಿಗೆ ಮೌಲ್ಯ ಶಿಕ್ಷಣ ಅಂತ ಬೇರೆ ತರಗತಿ. ಬಲಿಪೂಜೆ, ಅಂದರೆ ಕ್ಯಾಥೋಲಿಕರ ಮಾಸ್, ಚಾಪೆಲಿನಲ್ಲಿ (ಕಾಲೇಜಿನೊಳಗಿನ ಪ್ರಾರ್ಥನಾ ಮಂದಿರದಲ್ಲಿ) ನಡೆಯುತ್ತದೆ. ಹೋಗುವವರು ಹೋಗುತ್ತಾರೆ.

ಗೊಂದಲ ಆಗುವುದು ಬೆಳಗಿನ ಅಸೆಂಬ್ಲಿಯಲ್ಲಿ. ಅಲ್ಲಿ ಒಂದು ಸಣ್ಣ ಪ್ರಾರ್ಥನೆ ಇರುತ್ತದೆ, ಕೆಲವೊಮ್ಮೆ ಬೈಬಲ್ಲಿನ ನಾಲ್ಕು ಸಾಲು, ಕೆಲವೊಮ್ಮೆ ವಚನ, ಕೆಲವೊಮ್ಮೆ ಮೂರು ಧರ್ಮದ ಪ್ರಾರ್ಥನೆ ಒಟ್ಟಿಗೆ. ಇದು ಪೂಜೆಯಾ, ಸಭೆಯಾ? ಕಾಲೇಜಿನವರು ಸಭೆ ಅನ್ನುತ್ತಾರೆ. ನನ್ನ ಪ್ರಕಾರ ಒಂದು ಹುಡುಗಿ ಸುಮ್ಮನೆ ನಿಂತುಕೊಂಡು, ಕೈಮುಗಿಯದೆ, ಬಾಯಿ ಬಿಡದೆ ಇದ್ದರೆ ಯಾರೂ ಅವಳ ಕಡೆ ಕೆಂಗಣ್ಣು ಬಿಡದಿದ್ದರೆ ಸಮಸ್ಯೆ ಇಲ್ಲ. ಬಿಟ್ಟರೆ ಸಮಸ್ಯೆ ಇದೆ. ಅದು ಕಾಲೇಜಿಂದ ಕಾಲೇಜಿಗೆ ಅಲ್ಲ, ಮೇಷ್ಟ್ರಿಂದ ಮೇಷ್ಟ್ರಿಗೆ ಬದಲಾಗುತ್ತದೆ. ಒಂದು ವರ್ಷ ಸೀನಿಯರ್ ಆದ ಹುಡುಗಿಯನ್ನು ಕೇಳಿದರೆ ಪ್ರಾಸ್ಪೆಕ್ಟಸ್‌ಗಿಂತ ಸರಿಯಾದ ಉತ್ತರ ಸಿಗುತ್ತದೆ.

ನೇರವಾಗಿ ಕೇಳ್ತೀನಿ. ಮತಾಂತರ ಮಾಡಿಬಿಡ್ತಾರಾ?

ನೇರವಾಗಿ ಕೇಳಿದ್ದು ಒಳ್ಳೆಯದಾಯಿತು.

ಮೊದಲು ಹಳೇ ವಿಷಯ. 1830ರಲ್ಲಿ ಕಲ್ಕತ್ತೆಯಲ್ಲಿ ಅಲೆಕ್ಸಾಂಡರ್ ಡಫ್ ಇಂಗ್ಲಿಷ್ ಶಿಕ್ಷಣದ ಸಂಸ್ಥೆ ತೆರೆದಾಗ, ಓದು ಮೇಲ್ಜಾತಿಯ ಯುವಕರನ್ನು ಕ್ರಿಸ್ತನ ಕಡೆಗೆ ತರುತ್ತದೆ ಎಂಬ ಆಸೆ ಅವರಿಗೆ ಖಂಡಿತ ಇತ್ತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕೆಲವರು ಬಂದರು, ಗಲಾಟೆಯೂ ಆಯಿತು. ಬಹಳಷ್ಟು ಜನ ಇಂಗ್ಲಿಷ್ ಕಲಿತು, ವಿಜ್ಞಾನ ಕಲಿತು, ತಮ್ಮ ಧರ್ಮದಲ್ಲೇ ಉಳಿದರು. ಮುಂದೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜನ್ನು ಬೆಳೆಸಿದ ವಿಲಿಯಂ ಮಿಲ್ಲರ್ ದಾರಿಯನ್ನೇ ಬದಲಿಸಿದರು. ಕಾಲೇಜಿನ ಕೆಲಸ ಜನರನ್ನು ಎಣಿಸಿ ಸೇರಿಸಿಕೊಳ್ಳುವುದಲ್ಲ, ಹಿಟ್ಟಿಗೆ ಹುಳಿ ಬೆರೆಸಿದ ಹಾಗೆ ಸಮಾಜದ ಯೋಚನೆಯನ್ನು ಒಳಗಿನಿಂದ ನಿಧಾನವಾಗಿ ಬದಲಿಸುವುದು ಎಂಬಂಥ ನಿಲುವು ಅವರದು. ಅವರ ಮಿಷನ್ನಿನವರಲ್ಲೇ ಕೆಲವರಿಗೆ ಇದು ಹಿಡಿಸಲಿಲ್ಲ. ದುಡ್ಡು ಖರ್ಚಾಗುತ್ತಿದೆ, ಜನ ಬರುತ್ತಿಲ್ಲ ಅಂತ ಗೊಣಗಿದರು.

ಈಗಿನ ವಿಷಯ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87. ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ ನೂರು ವರ್ಷ ದಾಟಿದ ಕಾಲೇಜುಗಳು ಇಷ್ಟು ತಲೆಮಾರು ಓದಿಸಿದ ಮೇಲೂ ಲೆಕ್ಕ ಇಷ್ಟೇ. ಪದವಿ ಕಾಲೇಜುಗಳು ಮತಾಂತರದ ಕಾರ್ಖಾನೆ ಆಗಿದ್ದರೆ ಅವು ಬಹಳ ಸೋತ ಕಾರ್ಖಾನೆಗಳು. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆ ಕಾಯ್ದೆ ಬಂತು. ಧಾರ್ಮಿಕ ಸಂಸ್ಥೆಯ ಶಾಲೆ ಕಾಲೇಜಿನಲ್ಲಿ ಉಚಿತ ಶಿಕ್ಷಣ ಕೊಡುವುದನ್ನೂ ಆಮಿಷದ ಪಟ್ಟಿಗೆ ಸೇರಿಸಿತು. 2023ರ ಜೂನ್‌ನಲ್ಲಿ ಸಂಪುಟ ಅದನ್ನು ಹಿಂಪಡೆಯುವ ತೀರ್ಮಾನ ಮಾಡಿತು. ಆ ಹೊತ್ತಿನಲ್ಲಿ ಬಡ ಮಕ್ಕಳ ಫೀಸು ಮನ್ನಾ ಮಾಡಲೂ ಹೆದರುವ ಪರಿಸ್ಥಿತಿ ಬಂತಲ್ಲ, ಅದು ನನಗೆ ಬೇಜಾರು ತಂದ ಸಂಗತಿ.

ಅಕಸ್ಮಾತ್ ಯಾರಾದರೂ ಒತ್ತಡ ಹಾಕಿದರೆ? ಹಾಸ್ಟೆಲ್ ವಾರ್ಡನ್ ಆಗಲಿ, ಹೊರಗಿನಿಂದ ಬಂದ ಪ್ರಚಾರಕರಾಗಲಿ, ಬರವಣಿಗೆಯಲ್ಲಿ ಪ್ರಾಂಶುಪಾಲರಿಗೆ ಕೊಡಿ. ಸರಿಯಾದ ಕಾಲೇಜು ಅದನ್ನು ತನ್ನ ಮರ್ಯಾದೆಯ ಪ್ರಶ್ನೆ ಅಂತಲೇ ನೋಡುತ್ತದೆ. ಅಲ್ಲಿ ಕೆಲಸ ಆಗದಿದ್ದರೆ ಕಾಲೇಜು ಶಿಕ್ಷಣ ಇಲಾಖೆ ಇದೆ.

ಅಲ್ಪಸಂಖ್ಯಾತರ ಕಾಲೇಜು ಅಂದರೆ ಸೀಟೆಲ್ಲ ಕ್ರೈಸ್ತರಿಗೇ ಅಲ್ವಾ?

ಅಲ್ಲ. ಸಂವಿಧಾನದ 30ನೇ ವಿಧಿ ಧಾರ್ಮಿಕ ಮತ್ತು ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಇಷ್ಟದ ಶಿಕ್ಷಣ ಸಂಸ್ಥೆ ಕಟ್ಟುವ, ನಡೆಸುವ ಹಕ್ಕು ಕೊಡುತ್ತದೆ. 29ನೇ ವಿಧಿ, ಸರ್ಕಾರದ ಅನುದಾನ ಪಡೆಯುವ ಕಡೆ ಧರ್ಮ, ಜಾತಿ, ಭಾಷೆ ಮಾತ್ರವೇ ಕಾರಣವಾಗಿ ಯಾರಿಗೂ ಸೀಟು ನಿರಾಕರಿಸಬಾರದು ಅನ್ನುತ್ತದೆ. ಈ ಎರಡರ ನಡುವೆ ಹಗ್ಗಜಗ್ಗಾಟ ಇದ್ದೇ ಇದೆ. 1991ರಲ್ಲಿ ದೆಹಲಿಯ ಸೇಂಟ್ ಸ್ಟೀಫನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತಮ್ಮವರಿಗೆ ಶೇ. 50ರ ತನಕ ಇಟ್ಟುಕೊಳ್ಳಬಹುದು, ಉಳಿದದ್ದು ಎಲ್ಲರಿಗೂ ಅಂತ ಹೇಳಿತು. 2002ರಲ್ಲಿ 11 ನ್ಯಾಯಮೂರ್ತಿಗಳ ಪೀಠ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಆ ಗಟ್ಟಿ ಶೇಕಡಾವಾರನ್ನು ಸಡಿಲಿಸಿ, ಅಲ್ಲಲ್ಲಿಯ ಅಗತ್ಯ ನೋಡಿ ರಾಜ್ಯ ತೀರ್ಮಾನಿಸಲಿ ಅಂದಿತು. ಆ ಪ್ರಕರಣ ಹುಟ್ಟಿದ್ದು ನಮ್ಮ ಮಣಿಪಾಲದಲ್ಲಿ. ಅಲ್ಪಸಂಖ್ಯಾತ ಯಾರು ಅನ್ನುವುದನ್ನು ಇಡೀ ದೇಶ ನೋಡಿ ಅಲ್ಲ, ಆಯಾ ರಾಜ್ಯ ನೋಡಿ ಹೇಳಬೇಕು ಅಂತಲೂ ಅದೇ ತೀರ್ಪು ಹೇಳಿತು.

ನಿಮಗೆ ಇಷ್ಟು ಸಾಕು: ಬಹುತೇಕ ಕ್ರೈಸ್ತ ಕಾಲೇಜುಗಳ ತರಗತಿಯಲ್ಲಿ ಕ್ರೈಸ್ತ ಮಕ್ಕಳೇ ಕಡಿಮೆ ಇರುತ್ತಾರೆ.

ಕ್ರೈಸ್ತ ಕಾಲೇಜಿಗೆ ಸೇರಿದರೆ ಜಾತಿ ಪ್ರಮಾಣಪತ್ರಕ್ಕೆ ತೊಂದರೆ ಬರುತ್ತಾ?

ಬರುವುದಿಲ್ಲ. ಓದುವ ಕಾಲೇಜಿಗೂ ನಿಮ್ಮ ಧರ್ಮಕ್ಕೂ ಸಂಬಂಧವಿಲ್ಲ. ವಿದ್ಯಾರ್ಥಿವೇತನವೂ ಹಾಗೇ.

ಈ ಭಯ ಎಲ್ಲಿಂದ ಬಂತು ಅಂತ ಗೊತ್ತು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸೌಲಭ್ಯ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರಾದ ದಲಿತರು ಇವತ್ತಿಗೂ ಹೊರಗೆ. ಚರ್ಚಿನೊಳಗೂ ಜಾತಿ ಬಿಟ್ಟಿಲ್ಲ, ಸರ್ಕಾರದ ಪಟ್ಟಿಯಲ್ಲೂ ಜಾಗವಿಲ್ಲ. ಆ ಮಕ್ಕಳ ಬಗ್ಗೆ ನಮ್ಮ ಸಂಸ್ಥೆಗಳು ಮಾಡಬೇಕಾದಷ್ಟು ಮಾಡಿಲ್ಲ ಅನ್ನುವುದು ನನ್ನ ಮಾತು.

ವಿಜ್ಞಾನ ಪಾಠ ಸರಿಯಾಗಿ ಮಾಡ್ತಾರಾ? ಡಾರ್ವಿನ್ನನ ವಿಕಾಸವಾದ ಬಿಟ್ಟುಬಿಡ್ತಾರಂತೆ?

ವಿಶ್ವವಿದ್ಯಾಲಯದ ಪಠ್ಯದಲ್ಲಿ ಇದ್ದದ್ದನ್ನು ಬಿಡಲು ಯಾವ ಕಾಲೇಜಿಗೂ ಆಗುವುದಿಲ್ಲ. ಪರೀಕ್ಷೆ ಬರುತ್ತದಲ್ಲ. ಅದು ಒಣ ಉತ್ತರ. ತಳಿವಿಜ್ಞಾನಕ್ಕೆ ಬುನಾದಿ ಹಾಕಿದ ಗ್ರೆಗರ್ ಮೆಂಡಲ್ ಅಗಸ್ಟೀನಿಯನ್ ಮಠದ ಸನ್ಯಾಸಿ. ವಿಶ್ವ ಹಿಗ್ಗುತ್ತಿದೆ, ಅದಕ್ಕೊಂದು ಆರಂಭವಿತ್ತು ಎಂಬ ವಾದವನ್ನು ಗಣಿತದ ಮೇಲೆ ನಿಲ್ಲಿಸಿದ ಜಾರ್ಜ್ ಲೆಮೆತ್ರ್ ಕ್ಯಾಥೋಲಿಕ್ ಪಾದ್ರಿ, ಬೆಲ್ಜಿಯಂನ ಲುವೆನ್ ವಿಶ್ವವಿದ್ಯಾಲಯದ ಅಧ್ಯಾಪಕ. 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್, ವಿಕಾಸವಾದ ಬರೀ ಊಹೆಗಿಂತ ಮುಂದಕ್ಕೆ ಹೋಗಿದೆ ಅಂತ ವಿಜ್ಞಾನಿಗಳಿಗೆ ಕಳಿಸಿದ ಸಂದೇಶದಲ್ಲೇ ಒಪ್ಪಿಕೊಂಡರು. ಗೆಲಿಲಿಯೋ ವಿಚಾರಣೆಯೂ ನಡೆದದ್ದು ಇದೇ ಚರ್ಚಿನಲ್ಲಿ. ಎರಡನ್ನೂ ಒಟ್ಟಿಗೆ ಹೇಳದೆ ಹೋದರೆ ಇತಿಹಾಸದ ಮೇಷ್ಟ್ರಾಗಿ ನನಗೆ ನಾಚಿಕೆ.

ಸೃಷ್ಟಿಯ ಕಥೆಯನ್ನು ಅಕ್ಷರಕ್ಕೆ ಅಕ್ಷರ ಹಿಡಿದು ವಿಜ್ಞಾನ ಮಾಡಲು ಹೊರಟ ಕಾಲೇಜುಗಳು ಅಮೆರಿಕದಲ್ಲಿ ಕೆಲವು ಇವೆ. ವಾಟ್ಸಾಪ್‌ನಲ್ಲಿ ಓಡಾಡುವ ಕಥೆಗಳಲ್ಲಿ ಬಹಳಷ್ಟು ಅಲ್ಲಿಂದ ಬಂದವು.

ಅಮೆರಿಕದಲ್ಲಿ ಹೇಗೆ? ನಮ್ಮ ಹುಡುಗ ಅಲ್ಲಿಗೆ ಅರ್ಜಿ ಹಾಕ್ತಾ ಇದ್ದಾನೆ.

ಅಲ್ಲಿ ಆಟವೇ ಬೇರೆ. ಹಾರ್ವರ್ಡ್ 1636ರಲ್ಲಿ ಶುರುವಾದಾಗ ಓದಿದ ಸಭಾಪಾಲಕರನ್ನು (ಪ್ರಾಟೆಸ್ಟೆಂಟ್ ಪಾದ್ರಿಗಳನ್ನು) ತಯಾರು ಮಾಡುವುದು ಅದರ ಮುಖ್ಯ ಕಾಳಜಿಗಳಲ್ಲಿ ಒಂದು. ಇವತ್ತು ಹಾಗೆ ಯಾರೂ ಹೇಳುವುದಿಲ್ಲ. ಯೇಲ್, ಪ್ರಿನ್ಸ್‌ಟನ್ ಕಥೆಯೂ ಅದೇ. ನಿಧಾನವಾಗಿ ನಂಬಿಕೆ ಚಾಪೆಲಿನ ಕಟ್ಟಡಕ್ಕೆ ಸೀಮಿತವಾಯಿತು. ನೋಟ್ರ ಡೇಮ್‌ನಂಥ (1842) ಕ್ಯಾಥೋಲಿಕ್ ವಿಶ್ವವಿದ್ಯಾಲಯಗಳು ಎಲ್ಲರನ್ನೂ ಸೇರಿಸಿಕೊಂಡು, ದೈವಶಾಸ್ತ್ರದ ಒಂದೆರಡು ಪತ್ರಿಕೆ ಓದಿ ಅನ್ನುತ್ತವೆ.

ಇನ್ನೊಂದು ಗುಂಪು ಇದೆ. ಅಲ್ಲಿ ಅಧ್ಯಾಪಕರು ನಂಬಿಕೆಯ ಹೇಳಿಕೆಗೆ ಸಹಿ ಹಾಕಬೇಕು. ಚಾಪೆಲಿಗೆ ಹಾಜರಾತಿ ಇರುತ್ತದೆ. ಕುಡಿತ, ಹುಡುಗ ಹುಡುಗಿಯರ ನಡವಳಿಕೆ ಎಲ್ಲಕ್ಕೂ ನಿಯಮ. 2015ರ ಕೊನೆಯಲ್ಲಿ ಇಲಿನಾಯ್‌ನ ವೀಟನ್ ಕಾಲೇಜಿನಲ್ಲಿ ಒಬ್ಬ ಪ್ರಾಧ್ಯಾಪಕಿ ಮುಸ್ಲಿಮರಿಗೆ ಬೆಂಬಲವಾಗಿ ಹಿಜಾಬ್ ಹಾಕಿ, ಕ್ರೈಸ್ತರೂ ಮುಸ್ಲಿಮರೂ ಒಂದೇ ದೇವರನ್ನು ಪೂಜಿಸುತ್ತೇವೆ ಅಂತ ಬರೆದರು. ಕಾಲೇಜು ಅವರನ್ನು ರಜೆಯ ಮೇಲೆ ಕಳಿಸಿತು. ಮುಂದಿನ ವರ್ಷ ಅವರು ಕಾಲೇಜು ಬಿಟ್ಟರು. ತಕರಾರು ಹಿಜಾಬಿನ ಮೇಲಲ್ಲ, ಆ ಬರಹದ ದೈವಶಾಸ್ತ್ರದ ಮೇಲೆ ಅಂತ ಕಾಲೇಜು ಹೇಳಿತು. ನಮ್ಮಲ್ಲಿ ಇಂಥದ್ದು ನಡೆಯುವುದು ಕಷ್ಟ. ಅನುದಾನಿತ ಕಾಲೇಜಿನಲ್ಲಿ ಸಂಬಳ ಸರ್ಕಾರದ್ದು, ಪಠ್ಯ ವಿಶ್ವವಿದ್ಯಾಲಯದ್ದು, ಪಕ್ಕದಲ್ಲಿ ಕೂತ ಮೇಷ್ಟ್ರು ಲಿಂಗಾಯತರೋ ಒಕ್ಕಲಿಗರೋ ಬ್ಯಾರಿಗಳೋ ಆಗಿರುತ್ತಾರೆ. ನಿಮ್ಮ ಹುಡುಗ ಅರ್ಜಿ ಹಾಕುವ ಕಡೆ ವಿದ್ಯಾರ್ಥಿಗಳ ನಡವಳಿಕೆ ಒಪ್ಪಂದ ಇದೆಯಾ ಅಂತ ಸಹಿಗೆ ಮೊದಲೇ ಓದಲಿ.

ಮೇಷ್ಟ್ರುಗಳು ಎಲ್ಲ ಕ್ರೈಸ್ತರೇನಾ?

ಇಲ್ಲ. 1990ರಲ್ಲಿ ರೋಮ್‌ನಿಂದ 'ಎಕ್ಸ್ ಕೊರ್ದೆ ಎಕ್ಲೇಸಿಯೆ' ಎಂಬ ದಾಖಲೆ ಬಂತು. ಕ್ಯಾಥೋಲಿಕ್ ವಿಶ್ವವಿದ್ಯಾಲಯದಲ್ಲಿ ಕ್ಯಾಥೋಲಿಕ್ ಅಲ್ಲದ ಅಧ್ಯಾಪಕರ ಸಂಖ್ಯೆ ಅರ್ಧ ದಾಟಬಾರದು, ಆದರೆ ಅವರ ಮನಸ್ಸಾಕ್ಷಿಯ ಸ್ವಾತಂತ್ರ್ಯಕ್ಕೆ ಧಕ್ಕೆ ಬರಬಾರದು ಎಂದು ಅದರಲ್ಲಿದೆ. ಭಾರತದಲ್ಲಿ ಮೊದಲ ಮಾತು ಕಾಗದದ ಮೇಲೇ ಹೆಚ್ಚು. ನಾನು ಕಂಡ ಒಳ್ಳೆಯ ಮೇಷ್ಟ್ರುಗಳಲ್ಲಿ ಕೆಲವರು ದಿನಾ ವಿಭೂತಿ ಹಚ್ಚಿಕೊಂಡು ಬರುತ್ತಿದ್ದರು. ಕಾಲೇಜಿನ ಹಬ್ಬದ ದಿನ ಎಲ್ಲರಿಗಿಂತ ಮೊದಲು ಬಂದು ಬೆಂಚು ಜೋಡಿಸುತ್ತಿದ್ದವರೂ ಅವರೇ.

ಹಾಗಾದರೆ ಈ ಕಾಲೇಜುಗಳಲ್ಲಿ ನಂಬಿಕೆ ಅನ್ನುವುದು ಎಲ್ಲಿದೆ? ಏನು ಕೆಲಸ ಮಾಡುತ್ತೆ?

ಇದನ್ನು ಕೇಳುವವರು ತೀರ ಕಡಿಮೆ. ನನಗೆ ಬಹಳ ಹೇಳಬೇಕು ಅನ್ನಿಸುವುದೂ ಇದನ್ನೇ.

ಇವತ್ತಿನ ಕ್ರೈಸ್ತ ಕಾಲೇಜಿಗೆ ಇರುವ ಅಪಾಯ ನಂಬಿಕೆ ಜಾಸ್ತಿ ಆಗುವುದಲ್ಲ. ಅದು ಗೇಟಿನ ಮೇಲಿನ ಲ್ಯಾಟಿನ್ ಸಾಲಿಗೆ, ಪ್ರಾಂಶುಪಾಲರ ಕೋಣೆಯ ಶಿಲುಬೆಗೆ ಮುಗಿದುಹೋಗುವುದು. ಇದನ್ನು ನಾನೊಬ್ಬನೇ ಹೇಳುತ್ತಿಲ್ಲ. 1930-31ರಲ್ಲಿ ಆಕ್ಸ್‌ಫರ್ಡ್‌ನ ಎ.ಡಿ. ಲಿಂಡ್ಸೆ ನೇತೃತ್ವದ ಆಯೋಗ ಭಾರತದ ಪ್ರಾಟೆಸ್ಟೆಂಟ್ ಕಾಲೇಜುಗಳನ್ನು ಸುತ್ತಿ ನೋಡಿತು. ಅದು ಕಂಡದ್ದು ಏನೆಂದರೆ, ಈ ಕಾಲೇಜುಗಳು ವಿಶ್ವವಿದ್ಯಾಲಯದ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವುದರಲ್ಲೇ ಮುಳುಗಿವೆ, ತಮ್ಮದು ಅನ್ನುವ ಬಣ್ಣ ಮಾಸುತ್ತಿದೆ. ಸುತ್ತಲಿನ ಹಳ್ಳಿ, ಬಡತನ, ಬೇಸಾಯದ ಕಡೆ ತಿರುಗಿ ಸಂಶೋಧನೆ ಮಾಡಿ, ಆ ಜ್ಞಾನವನ್ನು ಜನರ ಬಳಿ ಒಯ್ಯಿರಿ ಅಂತ ಸಲಹೆ ಕೊಟ್ಟಿತು. ಹೆಚ್ಚುಕಡಿಮೆ ನೂರು ವರ್ಷದ ಹಿಂದಿನ ವರದಿ. 'ಪರೀಕ್ಷೆ' ಇದ್ದ ಕಡೆ 'ಪ್ಲೇಸ್‌ಮೆಂಟ್' ಅಂತ ತಿದ್ದಿದರೆ ಇವತ್ತೇ ಅಚ್ಚು ಹಾಕಬಹುದು.

ನಂಬಿಕೆ ಕೆಲಸ ಮಾಡಿದ ಕಡೆ ಹೇಗೆ ಕಾಣುತ್ತದೆ? ವೆಲ್ಲೂರು ನೋಡಿ. ಗಂಡಸು ವೈದ್ಯರ ಮುಂದೆ ಬರಲಾಗದೆ ಹೆಂಗಸರು ಸಾಯುವುದನ್ನು ಕಂಡ ಐಡಾ ಸ್ಕಡರ್ 1918ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ವೈದ್ಯ ಶಾಲೆ ತೆರೆದರು. ಈಗಿನ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ಅದೇ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು (1963) ತನ್ನಲ್ಲಿ ಓದಿದವರು ಹಳ್ಳಿಗಾಡಿನ ಆಸ್ಪತ್ರೆಯಲ್ಲಿ ನಿಗದಿತ ಕಾಲ ಕೆಲಸ ಮಾಡಬೇಕು ಅಂತ ಕರಾರು ಇಟ್ಟುಕೊಂಡಿತು. ಅಲ್ಲಿ ನಂಬಿಕೆ ಅನ್ನುವುದು ಕರಾರುಪತ್ರದ ಒಂದು ಷರತ್ತಾಗಿ ಇಳಿಯಿತು. ಪ್ರಾರ್ಥನೆ ಗೊತ್ತಿಲ್ಲದ ವಿದ್ಯಾರ್ಥಿಗೂ ಆ ಷರತ್ತು ಅರ್ಥವಾಗುತ್ತದೆ.

ಕನ್ನಡಕ್ಕೆ ಬನ್ನಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಧರ್ಮ ಹೇಳಲಿಕ್ಕೇ ಬಂದವರು, ಅನುಮಾನವಿಲ್ಲ. ಆದರೆ ಜನರ ಮಾತು ಕಲಿಯದೆ ಅದು ಆಗದು ಅಂತ ತಿಳಿದು ಕೂತರು. ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದರು. ಕಿಟೆಲ್ ನಿಘಂಟು 1894ರಲ್ಲಿ ಬಂತು. ನಮ್ಮವರೇ ಆದ ಉತ್ತಂಗಿ ಚನ್ನಪ್ಪನವರು ಮಂಗಳೂರಿನಲ್ಲಿ ದೈವಶಾಸ್ತ್ರ ಓದಿದ ಸಭಾಪಾಲಕರು. ಊರೂರು ಅಲೆದು ಸರ್ವಜ್ಞನ ವಚನ ಒಟ್ಟು ಮಾಡಿ 1924ರಲ್ಲಿ ಪ್ರಕಟಿಸಿದರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಸಭಾಪಾಲಕರಾಗಿದ್ದುಕೊಂಡೇ ಸರ್ವಜ್ಞನನ್ನು, ಬಸವಣ್ಣನನ್ನು ಪ್ರೀತಿಯಿಂದ ಓದಿದ ಆ ಮನುಷ್ಯನ ವಿದ್ವತ್ತಿಗೂ ನಂಬಿಕೆಗೂ ಜಗಳ ಇರಲಿಲ್ಲ. ಇವತ್ತು ಅದೇ ಪರಂಪರೆಯ ಎಷ್ಟು ಕಾಲೇಜುಗಳಲ್ಲಿ ಕನ್ನಡ ಐಚ್ಛಿಕ ಉಳಿದಿದೆ? ತತ್ವಶಾಸ್ತ್ರ ಉಳಿದಿದೆಯಾ? ಬಿ.ಕಾಂ., ಬಿಬಿಎಗೆ ವಿಭಾಗದ ಮೇಲೆ ವಿಭಾಗ ತೆರೆದು, ಮಕ್ಕಳು ಬರುವುದಿಲ್ಲ ಅಂತ ಇತಿಹಾಸಕ್ಕೆ ಬೀಗ ಹಾಕುವ ಕಡೆ ನಂಬಿಕೆಯ ಮಾತು ಕೇಳಿದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಮನುಷ್ಯ ಯಾಕೆ ಬದುಕಬೇಕು ಅನ್ನುವ ಪ್ರಶ್ನೆ ಕೇಳಲು ಜಾಗವೇ ಇಲ್ಲದ ಕಾಲೇಜಿನಲ್ಲಿ ದೇವರ ಹೆಸರು ಹೇಳಿ ಏನು ಮಾಡುವುದು?

ಇನ್ನು ಸಣ್ಣ ಸಣ್ಣ ಕಡೆ ನೋಡಿ. ಕಸ ಗುಡಿಸುವವರಿಗೆ ಪಿಎಫ್ ಕಟ್ಟುತ್ತಾರಾ, ಗೆಸ್ಟ್ ಲೆಕ್ಚರರ್‌ಗೆ ರಜೆ ತಿಂಗಳಲ್ಲಿ ಸಂಬಳ ಕೊಡುತ್ತಾರಾ, ಫೇಲಾದ ಹುಡುಗನನ್ನು ಫಲಿತಾಂಶದ ಶೇಕಡಾವಾರು ಕೆಡುತ್ತದೆ ಅಂತ ಟಿಸಿ ಕೊಟ್ಟು ಕಳಿಸುತ್ತಾರಾ. ಹಾಗೆ ಕಳಿಸಿದ ಕಾಲೇಜನ್ನು ನಾನು ನೋಡಿದ್ದೇನೆ. ಅದೇ ವಾರ ಅಲ್ಲಿ, ಕಳೆದುಹೋದ ಒಂದೇ ಒಂದು ಕುರಿಮರಿಯನ್ನು ಹುಡುಕಿಕೊಂಡು ಹೋಗುವ ಕುರುಬನ ಬೈಬಲ್ ಕಥೆ ಇಟ್ಟುಕೊಂಡು ಚಂದದ ಪ್ರವಚನವೂ ಆಗಿತ್ತು.

ಫೀಸು ಯಾಕೆ ಅಷ್ಟೊಂದು? ಸೇವೆ ಅಂತಾರಲ್ಲ?

ಅನುದಾನಿತ ಕೋರ್ಸಿನ ಫೀಸು ಕಡಿಮೆ. ಅದೇ ಕಾಲೇಜಿನ ಅನುದಾನರಹಿತ ಕೋರ್ಸಿನದು ಜಾಸ್ತಿ, ಯಾಕೆಂದರೆ ಸಂಬಳವನ್ನೆಲ್ಲ ಫೀಸಿನಿಂದಲೇ ಕೊಡಬೇಕು. ಹೊಸ ಹುದ್ದೆಗೆ ಅನುದಾನ ಸಿಗುವುದು ಕಷ್ಟವಾದ ಮೇಲೆ ಎರಡನೇ ಥರದ್ದೇ ಬೆಳೆಯಿತು. ಡೀಮ್ಡ್ ಅಥವಾ ಖಾಸಗಿ ವಿಶ್ವವಿದ್ಯಾಲಯವಾದ ಕಡೆ ಇನ್ನೂ ಏರುತ್ತದೆ. ಇದು ಲೆಕ್ಕದ ಉತ್ತರ. ಆ ದುಡ್ಡಿನಲ್ಲಿ ಎಷ್ಟು ಪಾಲು ಬಡ ಮಕ್ಕಳ ರಿಯಾಯಿತಿಗೆ ಹೋಗುತ್ತದೆ ಅಂತ ಕೇಳಲು ನಿಮಗೆ ಹಕ್ಕಿದೆ, ಧೈರ್ಯವಾಗಿ ಕೇಳಿ. ಕೆಲವು ಕಡೆ ಉತ್ತರ ಕೇಳಿ ಖುಷಿಯಾಗುತ್ತದೆ. ಕೆಲವು ಕಡೆ ಮಾತು ಕಟ್ಟಡದ ಕಡೆ ತಿರುಗುತ್ತದೆ.

ದೇವರನ್ನು ನಂಬದ ಹುಡುಗನಿಗೆ ಕಷ್ಟ ಆಗುತ್ತಾ?

ಆಗಬಾರದು. ನಿಜ ಹೇಳಬೇಕೆಂದರೆ ಅಂಥ ಹುಡುಗರೇ ಫಾದರ್‌ಗಳ ಜೊತೆ ಜಾಸ್ತಿ ಹೊತ್ತು ಕೂತು ವಾದ ಮಾಡುವುದನ್ನು ನೋಡಿದ್ದೇನೆ. ಮಧ್ಯಯುಗದ ಕ್ಯಾಥೋಲಿಕ್ ತತ್ವಜ್ಞಾನಿ ಅಕ್ವಿನಾಸ್ ದೇವರಿದ್ದಾನೆ ಅಂತ ವಾದಿಸುವ ಮೊದಲು ಇಲ್ಲ ಅನ್ನುವವರ ಮಾತನ್ನು ಮೊದಲು ಇಡುತ್ತಾನೆ. ಆ ಕ್ರಮ ಗೊತ್ತಿರುವ ಗುರುಗಳು ಸಿಕ್ಕರೆ ಹುಡುಗನ ಅದೃಷ್ಟ.

ನಾವು ಕ್ರೈಸ್ತರೇ. ಮಗನನ್ನು ಕ್ರೈಸ್ತ ಕಾಲೇಜಿಗೇ ಕಳಿಸಬೇಕಾ? ಇಲ್ಲದಿದ್ದರೆ ನಂಬಿಕೆ ಹೋಗುತ್ತೆ ಅಂತಾರೆ.

ಹೋಗುವುದಿದ್ದರೆ ಎಲ್ಲಿದ್ದರೂ ಹೋಗುತ್ತದೆ. ಕ್ರೈಸ್ತ ಕಾಲೇಜಿನ ಹಾಸ್ಟೆಲಿನಲ್ಲಿದ್ದು ಭಾನುವಾರ ಮಧ್ಯಾಹ್ನದ ತನಕ ಮಲಗುವವರೂ ಇದ್ದಾರೆ. ಎಂಜಿನಿಯರಿಂಗ್ ಬೇಕಿದ್ದರೆ ಹಾಸನದ ಮಲೆನಾಡು ಕಾಲೇಜಿಗೋ ಚಿಕ್ಕಮಗಳೂರಿನ ಎಐಟಿಗೋ ನಿಶ್ಚಿಂತೆಯಿಂದ ಕಳಿಸಿ. ಜೊತೆಗಾರರು ಬೇಕು ಅಂದರೆ ಹಳೆಯ ವಿದ್ಯಾರ್ಥಿ ಸಂಘಟನೆಗಳಿವೆ: ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ (1912), ಕ್ಯಾಥೋಲಿಕರ ಐಕಫ್ (1924), ಪ್ರಾಟೆಸ್ಟೆಂಟ್ ಇವಾಂಜೆಲಿಕಲ್ ವಿದ್ಯಾರ್ಥಿಗಳ ಯುಇಎಸ್ಐ (1954). ಎಲ್ಲ ಕಾಲೇಜಿನಲ್ಲೂ ಘಟಕ ಇರುವುದಿಲ್ಲ. ಊರಿನ ಧರ್ಮಕೇಂದ್ರದ (ಕ್ಯಾಥೋಲಿಕ್ ಚರ್ಚಿನ) ಗುರುಗಳನ್ನೋ ಸಭಾಪಾಲಕರನ್ನೋ ಕೇಳಿದರೆ ಹೇಳುತ್ತಾರೆ.

ದೈವಶಾಸ್ತ್ರವನ್ನೇ ಓದಬೇಕು ಅಂದರೆ?

ಪ್ರಾಟೆಸ್ಟೆಂಟರಲ್ಲಿ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಪದವಿಯನ್ನು ಹೆಚ್ಚಾಗಿ ಬಂಗಾಳದ ಸೆರಾಂಪುರದ ಸೆನೆಟ್ ಕೊಡುತ್ತದೆ. ಸೆರಾಂಪುರ ಕಾಲೇಜು 1818ರದು. 1827ರಲ್ಲಿ ಡೆನ್ಮಾರ್ಕಿನ ದೊರೆಯಿಂದ ಪದವಿ ಕೊಡುವ ಸನ್ನದು ಪಡೆಯಿತು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, ಅಂದರೆ ಯುಟಿಸಿ (1910), ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು (1965) ಅದಕ್ಕೆ ಸೇರಿವೆ. ಸಿಎಸ್‌ಐನಲ್ಲಿ ಹೆಣ್ಣುಮಕ್ಕಳೂ ಸಭಾಪಾಲಕರಾಗಬಹುದು. ಕ್ಯಾಥೋಲಿಕರಲ್ಲಿ ಗುರುವಾಗುವ (ಪಾದ್ರಿಯಾಗುವ) ದಾರಿ ಸೆಮಿನರಿಯದು, ಅಂದರೆ ಪಾದ್ರಿಗಳ ತರಬೇತಿ ಸಂಸ್ಥೆಯದು, ಗಂಡಸರಿಗೆ ಮಾತ್ರ. ಆದರೆ ದೈವಶಾಸ್ತ್ರ ಓದಲು ಸಿಸ್ಟರ್‌ಗಳಿಗೆ, ಸಾಮಾನ್ಯ ಭಕ್ತರಿಗೆ ಅಡ್ಡಿಯಿಲ್ಲ. ಬೆಂಗಳೂರಿನ ಧರ್ಮಾರಾಮ್‌ನಂಥ ಕಡೆ ವಿಚಾರಿಸಿ.

ಕುಂಕುಮ, ಬಳೆ, ಹಿಜಾಬ್, ಜನಿವಾರ?

ಕಾಲೇಜಿಗೊಂದು ಸಮವಸ್ತ್ರ ನಿಯಮ. ಸೇರುವ ಮೊದಲೇ ಬರವಣಿಗೆಯಲ್ಲಿರುವ ನಿಯಮ ತೋರಿಸಿ ಅನ್ನಿ. ಬಾಯಿಮಾತು ನಂಬಿಕೊಂಡು ಜೂನ್‌ನಲ್ಲಿ ಗೇಟಿನ ಹತ್ತಿರ ಜಗಳ ಮಾಡುವುದು ಮಕ್ಕಳಿಗೆ ಚೆನ್ನಾಗಿರುವುದಿಲ್ಲ. ಒಂದು ಗುರುತಿಗೆ ಬಿಟ್ಟು ಇನ್ನೊಂದಕ್ಕೆ ತಡೆಯುವ ಕಾಲೇಜು ಅಂದರೆ ನಾನಾದರೆ ಬೇರೆ ಕಡೆ ನೋಡುತ್ತೇನೆ.

ಕಾಲೇಜು ನೋಡಲು ಹೋದಾಗ ಯಾರ ಜೊತೆ ಮಾತಾಡಬೇಕು?

ಪ್ರಾಂಶುಪಾಲರ ಜೊತೆ ಹತ್ತು ನಿಮಿಷ ಸಾಕು. ಆಮೇಲೆ ಲೈಬ್ರರಿಗೆ ಹೋಗಿ, ಕನ್ನಡ ಪುಸ್ತಕದ ಕಪಾಟಿನಲ್ಲಿ ಈಚಿನ ವರ್ಷದ ಪುಸ್ತಕ ಇವೆಯಾ ನೋಡಿ. ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತ ಎರಡನೇ ವರ್ಷದ ಮಕ್ಕಳನ್ನು ಮಾತಾಡಿಸಿ. ಬೇರೆ ಬೇರೆ ಧರ್ಮದವರು ಒಂದೇ ಮೇಜಿಗೆ ಕೂತಿದ್ದಾರಾ, ಗುಂಪು ಗುಂಪಾಗಿ ಕೂತಿದ್ದಾರಾ ಅಂತಲೂ ಕಣ್ಣಾಡಿಸಿ. ಹಾಸ್ಟೆಲಿನ ಅಡುಗೆಯವರು ಸಿಕ್ಕರೆ ಇನ್ನೂ ಒಳ್ಳೆಯದು, ಅವರಿಗೆ ಗೊತ್ತಿಲ್ಲದ್ದು ಏನೂ ಇರುವುದಿಲ್ಲ. ಊಟದಲ್ಲಿ ಏನಿರುತ್ತೆ, ಸಸ್ಯಾಹಾರಕ್ಕೆ ಬೇರೆ ಪಾತ್ರೆ ಇದೆಯಾ, ರಂಜಾನ್ ತಿಂಗಳಲ್ಲಿ ಬೆಳಗಿನ ಜಾವದ ಊಟದ ಕಥೆ ಏನು, ಎಲ್ಲ ಅಲ್ಲೇ ತಿಳಿಯುತ್ತದೆ.

ಮಂಗಳೂರಿಗೆ ಹೋಗುವವರು ಮಳೆ ಹಿಡಿದ ಮೇಲೆ ಹೊರಟರೆ ಶಿರಾಡಿ ತೆರೆದಿದೆಯಾ ಅಂತ ಬೆಳಿಗ್ಗೆಯೇ ವಿಚಾರಿಸಿಕೊಳ್ಳಿ. ಗುಡ್ಡ ಕುಸಿದಿದ್ದರೆ ಚಾರ್ಮಾಡಿ ಸುತ್ತಬೇಕಾಗುತ್ತದೆ, ದಾಖಲಾತಿ ಕೌಂಟರ್ ಮಧ್ಯಾಹ್ನ ಮುಚ್ಚಿರುತ್ತದೆ. ಮೂಲ ಅಂಕಪಟ್ಟಿ, ಟಿಸಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಎಲ್ಲದರ ಎರಡೆರಡು ಜೆರಾಕ್ಸ್ ಜೊತೆಗಿರಲಿ.